ಕೂಡ್ಸೂದೋ, ಕಳಿಯೂದೋ?



ಗದಗ-ಬೆಟಗೇರಿಯಿಂದ ಹಿಡಿದು ಮುಂಡರಗಿಯ ಕಟ್ಟಕಡೆಯ ಹಳ್ಳಿಯವರೆಗೆ ಯಾವ ಪ್ರಾಥಮಿಕ ಶಾಲೆಗೆ ಹೋದರೂ ಗಣಿತದ ತಾಸಿನಲ್ಲಿ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. ಮಾಸ್ತರರು ಹಲಗೆಯ ಮೇಲೆ ಮೂರು ಸಾಲಿನ ಲೆಕ್ಕ ಬರೆಯುತ್ತಿರುತ್ತಾರೆ. ಯಾರೋ ಹಣ್ಣು ತಂದರು, ಯಾರಿಗೋ ಕೊಟ್ಟರು, ಈಗ ಎಷ್ಟಿವೆ ಎಂಬಂಥದ್ದು. ಬರೆದು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ದನಿ ಬರುತ್ತದೆ: "ಸರ, ಇದು ಕೂಡ್ಸೂದೋ, ಕಳಿಯೂದೋ?" ಮಾಸ್ತರರು "ಕಳಿಯೂದು" ಎಂದರೆ ಸಾಕು, ಇಡೀ ವರ್ಗ ತಲೆ ಬಗ್ಗಿಸಿ ಬರೆಯತೊಡಗುತ್ತದೆ. ಉತ್ತರವೂ ಬಹುತೇಕ ಸರಿಯಾಗಿಯೇ ಬರುತ್ತದೆ.

ಆದರೆ ಆ ಲೆಕ್ಕ ಬಿಡಿಸಿದವರು ಮಾಸ್ತರರು, ಮಕ್ಕಳಲ್ಲ. ಕೂಡಬೇಕೋ ಕಳೆಯಬೇಕೋ ಎಂದು ಗೊತ್ತುಮಾಡಿಕೊಳ್ಳುವುದೇ ಅದರಲ್ಲಿದ್ದ ಕೆಲಸ. ಮಿಕ್ಕಿದ್ದು ಬೆರಳೆಣಿಕೆ. ಒಂದರಿಂದ ನಾಲ್ಕನೇ ಇಯತ್ತೆಯವರೆಗಿನ ಮಕ್ಕಳಿಗೆ ಇಂಥ ಲೆಕ್ಕ ಬಿಡಿಸಲು ಕಲಿಸುವುದು ಹೇಗೆ ಎಂಬ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಶಿಕ್ಷಕರಿಗಷ್ಟೇ ಅಲ್ಲ, ಸಂಜೆ ಮಕ್ಕಳನ್ನು ಎದುರಿಗೆ ಕೂಡಿಸಿಕೊಳ್ಳುವ ತಂದೆ-ತಾಯಿ, ಅಜ್ಜ-ಅಜ್ಜಿಯರಿಗೂ.

ಪುಸ್ತಕದಲ್ಲಿ ಇವನ್ನು ವಾಕ್ಯರೂಪದ ಸಮಸ್ಯೆ ಎನ್ನುತ್ತಾರೆ; ಶಾಲೆಯಲ್ಲಿ ಹೇಳಿಕೆ ಲೆಕ್ಕ ಎನ್ನುವುದು ರೂಢಿ. ನಮ್ಮ ಹಿರಿಯರ ಕಾಲಕ್ಕೆ ಬಾಯಿಲೆಕ್ಕ ಅಂತಿತ್ತು. ಪಾಟಿ-ಬಳಪ ಮುಟ್ಟದೆ, ಕೇಳಿದ್ದಕ್ಕೆ ನಿಂತಲ್ಲೇ ಉತ್ತರ ಕೊಡಬೇಕು. ಅದರ ಜೊತೆಗೆ ಹೆದರಿಕೆಯೂ ಇತ್ತು, ಛಡಿಯೂ ಇತ್ತು. ಅದನ್ನು ನಾನು ಹೊಗಳಲಾರೆ. ಒಂದು ಅನುಕೂಲ ಮಾತ್ರ ಇತ್ತು: ಲೆಕ್ಕ ಕಿವಿಯ ಮೂಲಕ ಬರುತ್ತಿತ್ತು. ಇವತ್ತು ಮೂರನೇ ಇಯತ್ತೆಯ ಮಗು ಮೂರು ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತುಹೋಗಿರುತ್ತದೆ. ಕೈಯಲ್ಲಿ ಉಳಿಯುವುದು ಎರಡು ಅಂಕಿ. ಅವನ್ನು ಹಿಡಿದುಕೊಂಡೇ ಅದು ಕೇಳುತ್ತದೆ, ಕೂಡ್ಸೂದೋ ಕಳಿಯೂದೋ ಎಂದು.

ಇದು ನಮ್ಮ ಸೀಮೆಯ ಮಕ್ಕಳದ್ದಷ್ಟೇ ಕಥೆಯಲ್ಲ. 1980ರ ಸುಮಾರಿಗೆ ಫ್ರಾನ್ಸ್ ದೇಶದ ಗ್ರೆನೋಬಲ್ ಊರಿನಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಎಳೆಯ ಮಕ್ಕಳ ಮುಂದೆ ಒಂದು ಲೆಕ್ಕ ಇಟ್ಟರು. ಹಡಗಿನಲ್ಲಿ 26 ಕುರಿ, 10 ಆಡು ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಇದ್ದ ಅಂಕಿಗಳನ್ನೇ ಹೇಗೋ ಸೇರಿಸಿ ವಯಸ್ಸು ಹೇಳಿಬಿಟ್ಟರು! ಹಡಗು ನಮಗೆ ದೂರವಾಯಿತು. ಶಿರಹಟ್ಟಿ ಕಡೆಯ ಒಬ್ಬ ಕುರಿಗಾರ 26 ಕುರಿ, 10 ಆಡು ಮೇಯಿಸುತ್ತಾನೆ, ಅವನ ವಯಸ್ಸೆಷ್ಟು ಎಂದು ಕೇಳಿ ನೋಡಿ. ಆಟದ ಬಯಲಿನಲ್ಲಿ ಕೇಳಿದರೆ ಮಗು ನಿಮ್ಮನ್ನೇ ನೋಡಿ ನಗುತ್ತದೆ. ಹಲಗೆಯ ಮುಂದೆ ನಿಲ್ಲಿಸಿ ಕೇಳಿದರೆ ಮೆಲ್ಲಗೆ "ಮೂವತ್ತಾರು" ಎಂದರೂ ಎಂದೀತು. ಮಗು ದಡ್ಡ ಅಂತಲ್ಲ. ಶಾಲೆಯ ಲೆಕ್ಕಕ್ಕೆ ಅರ್ಥ ಇರಬೇಕೆಂದೇನಿಲ್ಲ, ಉತ್ತರ ಇದ್ದರಾಯಿತು ಎಂಬ ತಿಳಿವಳಿಕೆ ಅದಕ್ಕೆ ಬಂದುಬಿಟ್ಟಿರುತ್ತದೆ. ಆ ತಿಳಿವಳಿಕೆ ಕೊಟ್ಟವರು ದೊಡ್ಡವರಾದ ನಾವೇ.

ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. "ಒಟ್ಟು ಅಂತ ಬಂದ್ರ ಕೂಡ್ಸು. ಉಳದ್ವು ಅಂತ ಬಂದ್ರ ಕಳಿ. ಪ್ರತಿಯೊಬ್ಬರಿಗೆ ಅಂತ ಬಂದ್ರ ಭಾಗಸು." ಪರೀಕ್ಷೆಗೆ ಇದು ಹತ್ತಿರದ ದಾರಿ, ಮಕ್ಕಳೂ ಬೇಗ ಬಾಯಿಪಾಠ ಮಾಡುತ್ತಾರೆ. ಈಗ ಈ ಲೆಕ್ಕ ಕೇಳಿ. ಅವ್ವ ಮುಂಜಾನೆ ಒಂದಿಷ್ಟು ರೊಟ್ಟಿ ಬಡಿದಳು. ಎಲ್ಲರೂ ಸೇರಿ 6 ರೊಟ್ಟಿ ತಿಂದೆವು. ಬುಟ್ಟಿಯಲ್ಲಿ 9 ಉಳಿದವು. ಅವ್ವ ಬಡಿದ ರೊಟ್ಟಿ ಎಷ್ಟು? 'ಉಳಿದವು' ಎಂದು ಕೇಳಿದೊಡನೆ ಸೂತ್ರ ಕಲಿತ ಹುಡುಗ 9ರಲ್ಲಿ 6 ಕಳೆದು 3 ಎಂದು ಬರೆದುಬಿಡುತ್ತಾನೆ. ಮೂರೇ ರೊಟ್ಟಿ ಬಡಿದ ಮನೆಯಲ್ಲಿ ಆರು ತಿಂದವರು ಯಾರು, ಒಂಬತ್ತು ಉಳಿದದ್ದು ಎಲ್ಲಿಂದ ಎಂದು ಅವನು ಕೇಳಿಕೊಳ್ಳುವುದಿಲ್ಲ. ಸೂತ್ರ ಗೊತ್ತಿಲ್ಲದ ಅವನ ತಂಗಿ, ಇನ್ನೂ ಅಂಗನವಾಡಿಗೆ ಹೋಗುವವಳು, ತಿಂದ ರೊಟ್ಟಿಯನ್ನು ಮನಸ್ಸಿನಲ್ಲೇ ಬುಟ್ಟಿಗೆ ವಾಪಸ್ ಹಾಕಿ ಎಣಿಸಿಯಾಳು. ಹದಿನೈದರವರೆಗೆ ಎಣಿಸಲು ಬಂದರೆ ಉತ್ತರವೂ ಸರಿಯಾದೀತು.

ನನ್ನ ಮಾತೆಲ್ಲ ಇಷ್ಟೇ: ಲೆಕ್ಕದಲ್ಲಿ ಏನು ನಡೆಯಿತು ಎಂಬುದನ್ನು ಮಗು ಮೊದಲು ಕಾಣಬೇಕು. ಚಿಹ್ನೆ ಹಾಕುವುದು ಆಮೇಲಿನ ಮಾತು. ನಮ್ಮಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಮೊದಲು ಕೂಡುವ ಬರಿ ಲೆಕ್ಕ ಎರಡು ಪುಟ, ಕಳೆಯುವ ಬರಿ ಲೆಕ್ಕ ಎರಡು ಪುಟ, ಅಧ್ಯಾಯದ ಕೊನೆಗೆ ಹೇಳಿಕೆ ಲೆಕ್ಕ ನಾಲ್ಕೈದು. ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಒಂದು ತಾಸಿನ ಪಾಠವನ್ನು ತುಸು ಹತ್ತಿರದಿಂದ ನೋಡೋಣ. ವರ್ಗದ ನಡುವೆ ಮಣೆಗಳನ್ನೋ ಚೀಲಗಳನ್ನೋ ಎರಡು ಸಾಲು ಇಟ್ಟರೆ ಬಸ್ಸಾಯಿತು. ಒಬ್ಬಳು ಕಂಡಕ್ಟರ್, ಒಬ್ಬ ಡ್ರೈವರ್. ಬಸ್ಸು ಲಕ್ಷ್ಮೇಶ್ವರಕ್ಕೆ ಹೊರಟಿದೆ. ಈಗ ಶಿಕ್ಷಕಿ ಲೆಕ್ಕವನ್ನು ಬರೆಯದೆ ಬಾಯಲ್ಲೇ ಹೇಳುತ್ತಾರೆ: "ಬಸ್ಸಿನ್ಯಾಗ ಮೊದಲ ಸ್ವಲ್ಪ ಮಂದಿ ಇದ್ರು. ಶಿರಹಟ್ಟಿ ಸ್ಟ್ಯಾಂಡಿನ್ಯಾಗ ಐದು ಮಂದಿ ಹತ್ತಿದ್ರು. ಈಗ ಎಣಿಸಿದ್ರ ಹನ್ನೆರಡು ಮಂದಿ ಅದಾರ. ಮೊದಲ ಎಷ್ಟ ಮಂದಿ ಇದ್ರು?" ಎದ್ದ ಮೊದಲ ಕೈಯ ಉತ್ತರ ಹದಿನೇಳು. ಹತ್ತಿದರು ಎಂದರೆ ಕೂಡಿಸು ಎಂದು ಅದು ತಿಳಿದುಕೊಂಡಿದೆ. ಅಕ್ಕೋರು ತಪ್ಪು ಎನ್ನಬೇಕಾಗಿಲ್ಲ. "ಹದಿನೇಳು ಮಂದಿ ಇದ್ದ ಬಸ್ಸಿಗೆ ಐದು ಮಂದಿ ಹತ್ತಿದ್ರ, ಹನ್ನೆರಡು ಹೆಂಗ ಆದ್ರು?" ಎಂದಷ್ಟೇ ಕೇಳಿದರೆ ಸಾಕು. ವರ್ಗದಲ್ಲಿ ಗದ್ದಲ ಏಳುತ್ತದೆ. "ಹತ್ತಿದ ಮ್ಯಾಲ ಹೆಚ್ಚ ಆಗಬೇಕಲ್ರಿ!" ಎಂದು ಇನ್ನೊಬ್ಬ ಕೂಗುತ್ತಾನೆ. ಅಷ್ಟು ಹೊತ್ತು ಅಂಕಿಗಳಾಗಿದ್ದವರು ಆ ಗಳಿಗೆಯಲ್ಲಿ ಮಂದಿಯಾಗುತ್ತಾರೆ.

ಇನ್ನು ಬಿಡಿಸುವುದು. ಹನ್ನೆರಡು ಮಕ್ಕಳು ಬಸ್ಸಿನಲ್ಲಿ ಕೂತಿದ್ದಾರೆ. ಬಸ್ಸನ್ನು ಹಿಂದಕ್ಕೆ ಓಡಿಸಿ ಎನ್ನಿ. ಡ್ರೈವರ್ ಹುಡುಗನಿಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ. ಬಸ್ಸು ಹಿಮ್ಮುಖವಾಗಿ ಶಿರಹಟ್ಟಿ ಸ್ಟ್ಯಾಂಡಿಗೆ ಬರುತ್ತದೆ, ಹತ್ತಿದ ಐವರು ಬೆನ್ನು ಹಿಂದಾಗಿ ಇಳಿಯುತ್ತಾರೆ, ಉಳಿದವರನ್ನು ಕಂಡಕ್ಟರ್ ಎಣಿಸುತ್ತಾಳೆ. ಏಳು. ಹತ್ತಿದರು ಎಂಬ ಮಾತಿರುವ ಲೆಕ್ಕದಲ್ಲಿ ಕಳೆಯಬೇಕಾಗಿ ಬಂದದ್ದು ಏಕೆಂದು ಆಮೇಲೆ ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಇದೇ ಬಸ್ಸಿನಲ್ಲಿ ಇನ್ನೆರಡು ಬಗೆಯ ಲೆಕ್ಕ ಇವೆ. ಏಳು ಮಂದಿ ಇದ್ದರು, ಐವರು ಹತ್ತಿದರು, ಈಗೆಷ್ಟು ಎನ್ನುವುದು ಎಲ್ಲಕ್ಕಿಂತ ಸುಲಭದ್ದು. ಏಳು ಮಂದಿ ಇದ್ದರು, ಕೆಲವರು ಹತ್ತಿದರು, ಈಗ ಹನ್ನೆರಡು. ಹತ್ತಿದವರೆಷ್ಟು ಎನ್ನುವುದು ನಡುವಿನದು. ಮೊದಲಲ್ಲಿ ಎಷ್ಟಿತ್ತು ಎನ್ನುವುದೇ ಎಲ್ಲಕ್ಕಿಂತ ತೊಡಕಿನದು. ಸುಲಭದ ಬಗೆಯನ್ನೇ ಹೆಸರು ಬದಲಿಸಿ ಬದಲಿಸಿ ಕೊಡುತ್ತ ಹೋದರೆ, ಮಾವಿನಹಣ್ಣಿನ ಜಾಗಕ್ಕೆ ಪೇರಲಹಣ್ಣು, ಪೆನ್ಸಿಲ್ಲಿನ ಜಾಗಕ್ಕೆ ರಬ್ಬರು, ಮಕ್ಕಳಿಗೆ ಓದದೆಯೇ ಉತ್ತರ ಹೇಳುವ ರೂಢಿ ಬೀಳದೆ ಇನ್ನೇನಾದೀತು?

ಬಸ್ಸಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಅಪ್ಪ, ಅವ್ವ, ಅಜ್ಜಿ, ಎಂಟು ವರ್ಷದ ಹುಡುಗ ಬಸ್ಸು ಹತ್ತಿದರು. ಟಿಕೆಟ್ ಒಬ್ಬರಿಗೆ 20 ರೂಪಾಯಿ. ಒಟ್ಟು ಎಷ್ಟು? ಪುಸ್ತಕದ ಉತ್ತರ 80. ಬಸ್ಸಿನಲ್ಲಿ ಓಡಾಡುವ ಮಗು ಹುಡುಗನಿಗೆ ಅರ್ಧ ಟಿಕೆಟ್ ಹಿಡಿದು 70 ಎನ್ನುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲಂತೂ 30 ಎನ್ನುವ ಮಕ್ಕಳೂ ಇದ್ದಾರೆ: "ನಮ್ಮವ್ವಗ, ಅಜ್ಜಿಗ ಫ್ರೀ ಐತ್ರಿ ಸರ." ಪಕ್ಕದಲ್ಲಿ ಕೂತವಳ ಅನುಮಾನ ಬೇರೆ: "ಅಜ್ಜಿ ಆಧಾರ್ ಕಾರ್ಡ್ ತಂದಾಳೇನ್ರಿ?" ಇವರಲ್ಲಿ ಯಾರಿಗೆ ತಪ್ಪು ಹಾಕುತ್ತೀರಿ? ಲೆಕ್ಕದೊಳಕ್ಕೆ ಹೊಕ್ಕು ನೋಡಿದವರು ಇವರೇ. 80 ಎಂದು ಬರೆದು ಸುಮ್ಮನೆ ಕೂತವನು ಅಂಕಿಯನ್ನಷ್ಟೇ ನೋಡಿದ್ದಾನೆ. ಆದ್ದರಿಂದ ಪ್ರಶ್ನೆ ಕೇಳುವಾಗ ಎಲ್ಲರಿಗೂ ಪೂರ್ತಿ ಟಿಕೆಟ್ ಎಂದು ಹೇಳಿಬಿಡಿ, ಇಲ್ಲವೇ ಮೂರೂ ಉತ್ತರಕ್ಕೆ ಕಾರಣ ಕೇಳಿ ಮೂರಕ್ಕೂ ಸರಿ ಹಾಕಿ. ನನಗೆ ಎರಡನೆಯದೇ ಇಷ್ಟ.

ಮಕ್ಕಳನ್ನು ಎಡವಿಸುವ ಇನ್ನೊಂದು ಜಾಗ 'ಎಷ್ಟು ಹೆಚ್ಚು' ಎಂಬ ಪ್ರಶ್ನೆ. ಅಮೆರಿಕದ ಹಡ್ಸನ್ ಎಂಬ ಸಂಶೋಧಕ 1983ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟ. ಐದು ಹಕ್ಕಿ, ಮೂರು ಹುಳ ಇರುವ ಚಿತ್ರ ಕೊಟ್ಟು, ಹುಳಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದಾಗ ಒಂದನೇ ತರಗತಿಗೆ ಇನ್ನೂ ಬಾರದ ಮಕ್ಕಳಲ್ಲಿ ನೂರಕ್ಕೆ 25 ಮಂದಿ ಮಾತ್ರ ಸರಿಯಾಗಿ ಹೇಳಿದರು. ಅದೇ ಚಿತ್ರ ತೋರಿಸಿ, ಒಂದೊಂದು ಹಕ್ಕಿ ಒಂದೊಂದು ಹುಳ ಹಿಡಿಯಲು ಹೋದರೆ ಎಷ್ಟು ಹಕ್ಕಿಗೆ ಹುಳ ಸಿಗುವುದಿಲ್ಲ ಎಂದಾಗ ನೂರಕ್ಕೆ 96 ಮಂದಿ ಹೇಳಿದರು. ಚಿತ್ರ ಅದೇ, ಅಂಕಿ ಅವೇ, ಮಕ್ಕಳೂ ಅವರೇ. ನಮ್ಮ ಬಿಸಿಯೂಟದ ಸಾಲಿನಲ್ಲಿ ಇದನ್ನು ದಿನವೂ ಮಾಡಬಹುದು. ಎಂಟು ಮಕ್ಕಳು, ಐದು ತಾಟು. ತಾಟಿಲ್ಲದೆ ಎಷ್ಟು ಮಂದಿ ನಿಲ್ಲಬೇಕಾದೀತು? ಇದು ನಾಲ್ಕು ದಿನ ನಡೆದ ಮೇಲೆ, ತಾಟಿಗಿಂತ ಮಕ್ಕಳು ಎಷ್ಟು ಹೆಚ್ಚು ಎಂಬ ಪುಸ್ತಕದ ಮಾತನ್ನು ಅದರ ಪಕ್ಕಕ್ಕೆ ತಂದಿಟ್ಟರೆ ಮಗುವಿಗೆ ಹೊಸದೇನೂ ಅನ್ನಿಸುವುದಿಲ್ಲ.

ಹಾಗಾದರೆ ಸಂತೆಗೆ ಕಳಿಸಿಬಿಟ್ಟರೆ ಲೆಕ್ಕ ತಾನೇ ಬರುತ್ತದಲ್ಲ ಎಂದು ಕೇಳುವವರುಂಟು. ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಶಾಲೆ ಬಿಟ್ಟ ಮೇಲೆ ಅವ್ವನ ಪಕ್ಕ ಕಾಯಿಪಲ್ಲೆ ಮಾರಲು ಕೂರುವ ಹುಡುಗಿಯನ್ನು ಗಮನಿಸಿ. 64 ರೂಪಾಯಿಯ ಉಳ್ಳಾಗಡ್ಡಿ-ಮೆಣಸಿನಕಾಯಿಗೆ ನೀವು ನೂರರ ನೋಟು ಕೊಟ್ಟಿರಿ. ಅವಳು ಕಳೆಯುವುದೇ ಇಲ್ಲ. ಒಂದು ರೂಪಾಯಿ ಇಟ್ಟು ಅರವತ್ತೈದು ಎನ್ನುತ್ತಾಳೆ, ಐದರ ನಾಣ್ಯ ಇಟ್ಟು ಎಪ್ಪತ್ತು, ಹತ್ತರ ಮೂರು ನೋಟು ಇಟ್ಟು ಎಂಬತ್ತು, ತೊಂಬತ್ತು, ನೂರು. ನಿಮ್ಮ ಕೈಗೆ 36 ಬಂತು. ಮರುದಿನ ಅದೇ ಹುಡುಗಿ ಶಾಲೆಯಲ್ಲಿ 100ರ ಕೆಳಗೆ 64 ಬರೆದು ಗೆರೆ ಎಳೆಯುತ್ತಾಳೆ. ಸೊನ್ನೆ, ನಾಲ್ಕು, ನಾಲ್ಕು ಇಳಿಸಿದಳು. ಸೊನ್ನೆ, ಆರು; ಆರು ಇಳಿಸಿದಳು. ಒಂದು ಹಾಗೇ ಇಳಿಯಿತು. ಉತ್ತರ 164! ನೂರರ ನೋಟಿಗೆ 164 ರೂಪಾಯಿ ಚಿಲ್ಲರೆ ಕೊಡುವ ಅಂಗಡಿ ಗದಗಿನ ಪೇಟೆಯಲ್ಲಿ ಎಲ್ಲಿದೆ ಎಂದು ಅವಳನ್ನೇ ಕೇಳಿದರೆ ನಕ್ಕು ಅಳಿಸಿಬಿಡುತ್ತಾಳೆ. ಕೇಳುವವರು ಬೇಕಷ್ಟೇ.

1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರುವ ಮಕ್ಕಳ ಲೆಕ್ಕದ ಬಗ್ಗೆ ಒಂದು ಅಧ್ಯಯನ ಹೊರಬಂತು. ಐದೇ ಮಕ್ಕಳ ಮೇಲಿನ ಸಣ್ಣ ಅಧ್ಯಯನ, ಆದರೂ ಜಗತ್ತೆಲ್ಲ ಓದಿದ್ದು. 35ರ ದರದಲ್ಲಿ ಹತ್ತು ತೆಂಗಿನಕಾಯಿಗೆ ಎಷ್ಟು ಎಂದರೆ ಹುಡುಗ ಹತ್ತರಿಂದ ಗುಣಿಸಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 210, ಇನ್ನು ಮೂರಕ್ಕೆ 315, ಮೇಲೊಂದು, 350 ಎಂದ. ಮಾರುವಾಗ ಈ ಮಕ್ಕಳ ಲೆಕ್ಕ ನೂರಕ್ಕೆ 98 ಪಾಲು ಸರಿ. ಅವೇ ಅಂಕಿಗಳನ್ನು ಹೇಳಿಕೆ ಲೆಕ್ಕವಾಗಿ ಕೊಟ್ಟಾಗ 74. ಬರಿ ಅಂಕಿಯ ಲೆಕ್ಕವಾಗಿ ಕೊಟ್ಟಾಗ 37. ಈ ಕೊನೆಯ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹೇಳಿಕೆ ಲೆಕ್ಕ ಕಷ್ಟ, ಬರಿ ಲೆಕ್ಕ ಸುಲಭ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಆ ಮಕ್ಕಳಿಗೆ ಕಥೆಯೇ ಆಸರೆಯಾಗಿತ್ತು.

ನಮ್ಮ ದೇಶದಲ್ಲೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ವ್ಯಾಪಾರದಲ್ಲಿ ಪಟಪಟನೆ ಲೆಕ್ಕ ಹೇಳುವ ಮಕ್ಕಳು ಶಾಲೆಯ ರೀತಿಯ ಲೆಕ್ಕಕ್ಕೆ ತಡವರಿಸಿದರು. ಅದು ನಿರೀಕ್ಷಿಸಿದ್ದೇ. ಜೊತೆಗೆ, ಮಾರಿ ಗೊತ್ತಿಲ್ಲದ ಶಾಲೆಯ ಮಕ್ಕಳು ಮಾರುಕಟ್ಟೆಯ ಲೆಕ್ಕಕ್ಕೆ ತಡವರಿಸಿದರು. ಈ ಎರಡು ಬಗೆಯ ಲೆಕ್ಕ ತಾವಾಗಿ ಕೂಡುವುದಿಲ್ಲ. ಕೂಡಿಸಬೇಕಾದವರು ಶಿಕ್ಷಕರು. ಆ ಹುಡುಗಿಯ ಅರವತ್ತೈದು, ಎಪ್ಪತ್ತು, ನೂರು ಎಂಬ ಎಣಿಕೆಯನ್ನು ಹಲಗೆಯ ಮೇಲೆ ಒಂದು ಗೆರೆ ಎಳೆದು ಅವಳಿಂದಲೇ ಬರೆಯಿಸಿ, ಅದರ ಪಕ್ಕದಲ್ಲಿ ದಶಕ ಎರವಲು ತರುವ ನಮ್ಮ ರೀತಿಯನ್ನೂ ಬರೆದು, ಎರಡರಲ್ಲೂ 36 ಬಂದದ್ದನ್ನು ತೋರಿಸಬೇಕು. ಹತ್ತು ನಿಮಿಷದ ಕೆಲಸ. ಗದಗ ತಾಲೂಕಿನ ಕಣಗಿನಹಾಳದ ರೈತರು 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದವರು. ಸಾಲ-ಬಡ್ಡಿಯ ವ್ಯವಹಾರ ಇಷ್ಟು ಬಲ್ಲ ಸೀಮೆಯಲ್ಲಿ ಮನೆಯ ಲೆಕ್ಕ ಶಾಲೆಯ ಹೊಸ್ತಿಲು ದಾಟದೆ ಹೊರಗೇ ಉಳಿಯುವುದು ನನಗಂತೂ ಸರಿಕಾಣುವುದಿಲ್ಲ.

ಕಥೆಯೊಳಗೆ ಲೆಕ್ಕ ಇಡುವುದು ಹೊರಗಿನಿಂದ ಬಂದ ಹೊಸ ಪದ್ಧತಿಯೂ ಅಲ್ಲ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅಡುಗೆ, ಸಂಗೀತ, ನಾಟಕ, ವೈದ್ಯ, ವಾಸ್ತು ಎಲ್ಲಕ್ಕೂ ಗಣಿತ ಬೇಕೆಂದು ಹೇಳಿ ಶುರುಮಾಡುವ ಮಹಾವೀರಾಚಾರ್ಯನ ಪುಸ್ತಕದ ತುಂಬ ಹಣ್ಣು, ಆನೆ, ಮುತ್ತಿನ ಹಾರ, ದಾರಿಹೋಕರು. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಮಹಾವೀರಾಚಾರ್ಯನ ಒಂದು ಲೆಕ್ಕ ಈಗ ನಿಮಗೆ. ಪೆನ್ನು ಹುಡುಕಬೇಡಿ, ಕೇಳಿದರೆ ಸಾಕು. ಒಂಬತ್ತು ಮಾದಳದ ಹಣ್ಣು, ಏಳು ಬೇಲದ ಹಣ್ಣು ಕೊಂಡರೆ ಬೆಲೆ 107. ಏಳು ಮಾದಳ, ಒಂಬತ್ತು ಬೇಲ ಕೊಂಡರೆ 101. ಒಂದೊಂದು ಹಣ್ಣಿನ ಬೆಲೆಯೆಷ್ಟು? ಹೈಸ್ಕೂಲು ಓದಿದವರು ಎಕ್ಸ್, ವೈ ಎಂದು ಶುರುಮಾಡುತ್ತಾರೆ. ಹಣ್ಣಿನಂಗಡಿಯ ಮುಂದೆ ನಿಂತವರಾಗಿ ಯೋಚಿಸಿ. ಮೊದಲ ಬುಟ್ಟಿಯಿಂದ ಎರಡು ಮಾದಳ ವಾಪಸ್ ಇಟ್ಟು ಎರಡು ಬೇಲ ತೆಗೆದುಕೊಂಡರೆ ಎರಡನೆಯ ಬುಟ್ಟಿಯಾಯಿತು. ಅಷ್ಟಕ್ಕೆ ಬೆಲೆ ಆರು ಇಳಿಯಿತು. ಎಂದರೆ ಒಂದು ಮಾದಳ ಒಂದು ಬೇಲಕ್ಕಿಂತ ಮೂರು ತುಟ್ಟಿ. ಈಗ ಮೊದಲ ಬುಟ್ಟಿಯ ಒಂಬತ್ತು ಮಾದಳವನ್ನೂ ಬೇಲಕ್ಕೆ ಬದಲಾಯಿಸಿಬಿಡಿ. ಒಂಬತ್ತು ಮೂರಲೆ ಇಪ್ಪತ್ತೇಳು ಇಳಿದು, 107 ಹೋಗಿ 80 ಆಯಿತು. ಬುಟ್ಟಿಯಲ್ಲಿ ಈಗ ಹದಿನಾರು ಬೇಲದ ಹಣ್ಣು ಮಾತ್ರ. ಒಂದಕ್ಕೆ ಐದು. ಮಾದಳಕ್ಕೆ ಎಂಟು. ಇದು ಐದನೇ ಇಯತ್ತೆಯ ಚುರುಕು ಹುಡುಗಿಗೆ ಆಗದ ಕೆಲಸವೇ? ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಲೆಕ್ಕ, ಬುಟ್ಟಿಯನ್ನು ಕಣ್ಣಮುಂದೆ ತಂದುಕೊಂಡವರಿಗೆ ಇವತ್ತಿಗೂ ಬಿಡಿಸಲು ಬರುತ್ತದೆ.

ಸಣ್ಣವರ ಕಡೆಗೇ ಮರಳೋಣ. ಗುಣಾಕಾರಕ್ಕೆ ನಮ್ಮಲ್ಲಿ ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರಗಳಿವೆ, ಮಕ್ಕಳ ಬಾಯಲ್ಲಿ ಅವೆಲ್ಲ ಫ್ಯಾನು. ಒಂದು ಫ್ಯಾನಿಗೆ ಮೂರು ರೆಕ್ಕೆ, ಶಾಲೆಯ ಕಿಟಕಿಯಿಂದ ನಾಲ್ಕು ಫ್ಯಾನು ಕಂಡರೆ ರೆಕ್ಕೆ ಎಷ್ಟು? ಬೆಟಗೇರಿಯ ನೇಕಾರರ ಓಣಿಯ ಮಕ್ಕಳಿಗೆ ಮಗ್ಗದ ಕಂಡಿಕೆ ಇವೆ. ಭಾಗಾಕಾರಕ್ಕೆ ತುಸು ಎಚ್ಚರ ಬೇಕು, ಅದರಲ್ಲಿ ಎರಡು ಕಥೆ ಅಡಗಿವೆ. ಪಂಚಮಿ ಹಬ್ಬದ 12 ಶೇಂಗಾ ಉಂಡಿಯನ್ನು ನಾಲ್ಕು ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಎಷ್ಟು? 12 ಉಂಡಿಯನ್ನು ನಾಲ್ಕು ನಾಲ್ಕರಂತೆ ಡಬ್ಬಿಗೆ ತುಂಬಿದರೆ ಎಷ್ಟು ಡಬ್ಬಿ? ಉತ್ತರ ಎರಡಕ್ಕೂ ಮೂರು. ಆದರೆ ಮಗುವಿನ ಕೈ ಮಾಡುವ ಕೆಲಸ ಬೇರೆ. ಮೊದಲನೆಯದರಲ್ಲಿ ಒಂದೊಂದಾಗಿ ನಾಲ್ಕು ಕಡೆ ಇಡುತ್ತ ಹೋಗುತ್ತದೆ. ಎರಡನೆಯದರಲ್ಲಿ ನಾಲ್ಕನ್ನು ಒಮ್ಮೆಗೇ ಎತ್ತುತ್ತದೆ. ನಾವು ಹಂಚುವ ಕಥೆಯನ್ನೇ ಹೇಳಿ ಹೇಳಿ, ತುಂಬುವ ಕಥೆ ಬಂದ ದಿನ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ.

ಶೇಷದ್ದು ಇನ್ನೊಂದು ತಮಾಷೆ. ಬಿಂಕದಕಟ್ಟಿಯ ಮೃಗಾಲಯ ನೋಡಲು 23 ಮಕ್ಕಳು ಹೊರಟಿದ್ದಾರೆ. ಒಂದು ಟಂಟಂನಲ್ಲಿ ಆರು ಮಕ್ಕಳು. ಎಷ್ಟು ಟಂಟಂ ಬೇಕು? ಭಾಗಿಸಿ ನೀಟಾಗಿ ಬರೆದ ಉತ್ತರ: ಮೂರು ಟಂಟಂ, ಶೇಷ ಐದು. ಆ ಶೇಷ ಐದು ಮಕ್ಕಳು ಊರಲ್ಲೇ ನಿಂತು ಹುಲಿ ನೋಡುವುದು ಹೇಗೆ? ನಾಲ್ಕನೆಯ ಟಂಟಂ ತರಿಸಬೇಕು, ಇಲ್ಲವೇ "ಒತ್ತಿ ಕುಂತ್ರ ಮೂರರಾಗ ಹಿಡೀತಾರ್ರಿ" ಎನ್ನುವ ನಮ್ಮ ಕಡೆಯ ಉತ್ತರವನ್ನು ಒಪ್ಪಬೇಕು. ನಾನು ಮೊದಲನೆಯದನ್ನೇ ಹೇಳುತ್ತೇನೆ, ಸುರಕ್ಷತೆ ನೋಡಿ.

ಕಥೆ ಕಾಣಬೇಕು ಎಂದೆ. ಅದಕ್ಕೆ ಮೊದಲು ಭಾಷೆ ತಿಳಿಯಬೇಕು. ಶಿರಹಟ್ಟಿ, ಮುಂಡರಗಿ ತಾಲೂಕುಗಳ ತಾಂಡಾಗಳಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಲಕ್ಷ್ಮೇಶ್ವರದ ಎಷ್ಟೋ ಮನೆಗಳಲ್ಲಿ ಉರ್ದು. ಈ ಮಕ್ಕಳಿಗೆ ಗ್ರಾಂಥಿಕ ಕನ್ನಡದ 'ಅವನಲ್ಲಿರುವುದಕ್ಕಿಂತ ನಾಲ್ಕು ಕಡಿಮೆ' ಎಂಬ ಒಂದು ಸಾಲು ಇಡೀ ಲೆಕ್ಕಕ್ಕಿಂತ ಭಾರ. ಗಣಿತ ಬರುವುದಿಲ್ಲ ಎಂದು ಬರೆಯುವ ಮೊದಲು, ಅದೇ ಲೆಕ್ಕವನ್ನು ಅದೇ ತಾಂಡಾದ ದೊಡ್ಡ ಇಯತ್ತೆಯ ಹುಡುಗಿಯಿಂದ ಮನೆಮಾತಿನಲ್ಲಿ ಹೇಳಿಸಿ ನೋಡಬೇಕು. ಹಾಗೆ ಹೇಳಿಸಲು ದೊಡ್ಡ ಮಕ್ಕಳು ಹತ್ತಿರದಲ್ಲೇ ಇರುತ್ತಾರೆ: 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ಆಮೇಲೆ ರಾಜ್ಯಕ್ಕೆಲ್ಲ ಬಂದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇದರಿಂದ ಶಿಕ್ಷಕರಿಗೆ ಎಷ್ಟು ತಾಪತ್ರಯ ಎಂಬುದು ನನಗೆ ಗೊತ್ತು. ಹೇಳಿಕೆ ಲೆಕ್ಕದ ಮಟ್ಟಿಗೆ ಮಾತ್ರ ಅದು ಉಪಕಾರಿ: ದೊಡ್ಡವರು ಕಥೆ ಹೇಳುತ್ತಾರೆ, ಸಣ್ಣವರು ಹುಣಸೆ ಬೀಜ ಇಟ್ಟು ತೋರಿಸುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಲ್ಲಿ ಊರವರು ಮಕ್ಕಳ ಲೆಕ್ಕ ನೋಡಲು ಬರುವುದೂ ಒಳ್ಳೆಯದೇ. ಬಹುಮಾನ ಬೇಗ ಬರೆದವರಿಗೆ ಹೋಗುವ ಬದಲು ಹೇಗೆ ಬಂತು ಎಂದು ಹೇಳಿದವರಿಗೆ ಹೋದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಮಾಡುವ ಕೆಲಸ ಬಹಳ ಇಲ್ಲ. ಮಗು ಲೆಕ್ಕ ತಂದು ತೋರಿಸಿದಾಗ ಅಂಕಿಗಳನ್ನು ಬಿಟ್ಟು ಕಥೆ ಹೇಳು ಎನ್ನಿ. "ಒಬ್ಬಾಕಿ ತತ್ತಿ ತಂದಳು, ದಾರ್ಯಾಗ ಒಂದಿಷ್ಟು ಒಡದ್ವು, ಚಲೋವು ಎಷ್ಟ ಉಳದ್ವು ಅಂತ ಕೇಳ್ಯಾರ." ಇಷ್ಟು ಹೇಳಲು ಬಂದರೆ ಮುಕ್ಕಾಲು ಲೆಕ್ಕ ಮುಗಿಯಿತು. ಉತ್ತರ ಬಂದ ಮೇಲೆ ಒಂದೇ ಪ್ರಶ್ನೆ: ತಂದದ್ದಕ್ಕಿಂತ ಉಳಿದದ್ದು ಹೆಚ್ಚಾಯಿತೋ ಕಡಿಮೆಯಾಯಿತೋ, ಹಾಗೆ ಆಗುವುದು ಹೌದೋ? ಶಾಲೆ ಕಲಿಯದ ಅಜ್ಜಿ ಕೂಡ ಇದನ್ನು ಕೇಳಬಲ್ಲಳು, ಅಕ್ಷರ ಬಲ್ಲ ಅಪ್ಪನಿಗಿಂತ ಚೆನ್ನಾಗಿಯೇ ಕೇಳಿಯಾಳು.

ಮಕ್ಕಳು ಎಲ್ಲಕ್ಕಿಂತ ಹೆಚ್ಚು ಕಲಿಯುವುದು ತಾವೇ ಲೆಕ್ಕ ಕಟ್ಟುವಾಗ. ವಾರಕ್ಕೊಮ್ಮೆ ಒಂದು ತಾಸು ಇದಕ್ಕೆ ಬಿಡಿ. ಮೊದಮೊದಲು ಅವರೂ ಪುಸ್ತಕದ ಹಾಗೆಯೇ, ರಾಮನ ಬಳಿ ಹತ್ತು ಹಣ್ಣು ಎನ್ನುತ್ತಾರೆ. ಮೂರನೆಯ ವಾರಕ್ಕೆ ಮನೆಯ ಸುದ್ದಿ ಹೊರಬರತೊಡಗುತ್ತದೆ. ಮುಂಡರಗಿ ಕಡೆಯ ಒಂದು ವರ್ಗದಲ್ಲಿ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದ ಲೆಕ್ಕ ಇದು: "ನಮ್ಮ ಆಡು ಎರಡು ಮರಿ ಹಾಕೇತಿ. ಒಂದು ಮರಿ ಸತ್ತ ಹೋತು. ನಮ್ಮಪ್ಪ ಸಂತ್ಯಾಗ ಇನ್ನೊಂದು ಮರಿ ತಂದ. ಈಗ ನಮ್ಮ ಹಕ್ಕ್ಯಾಗ ಎಷ್ಟ ಅದಾವ?" ವರ್ಗವೆಲ್ಲ ಎರಡು ಎಂದಿತು. ಅವಳು ಸೊಂಟದ ಮೇಲೆ ಕೈಯಿಟ್ಟು, "ತಾಯೀನ ಎಲ್ಲಿ ಬಿಟ್ರಿ?" ಎಂದಳು. ಅಕ್ಕೋರು ಹಲಗೆಯ ಮೇಲೆ ಬರೆದರು: 1 + 2 − 1 + 1 = 3. ಆಮೇಲೆ ಅವಳನ್ನು ಕರೆದು, ಇದರಲ್ಲಿ ಮೂರು ಕಡೆ ಒಂದು ಐತಲ್ಲ, ಯಾವುದು ಯಾವುದು ಎಂದು ಕೇಳಿದರು. ಹುಡುಗಿ ಬೆರಳಿಟ್ಟು ತೋರಿಸುತ್ತ ಹೋದಳು: "ಇದು ತಾಯಿ. ಇದು ಸತ್ತದ್ದು. ಇದು ಅಪ್ಪ ತಂದದ್ದು." ಮರುವಾರ ಅದೇ ಸಾಲನ್ನು ಹಲಗೆಯ ಮೇಲೆ ಹಾಗೇ ಬರೆದು, ಇದಕ್ಕೆ ಬೇರೆ ಕಥೆ ಕಟ್ಟಿ ಎಂದರು ಅಕ್ಕೋರು. ಹನ್ನೊಂದು ಗಂಟೆಗೆ ಶುರುವಾದದ್ದು ಬಿಸಿಯೂಟದ ಗಂಟೆಯವರೆಗೂ ನಡೆಯಿತು.